ಕಬ್ಬಿಣಕ್ಕೆ ಬಿಟ್ಟ ಮಾರ್ಜಿನ್

ನಿಮಗೂ ಹೀಗಾಗಿದೆಯಾ, ಎದೆ ಮುಟ್ಟಿಕೊಂಡು ಹೇಳಿ. ಅಂಗಡಿಯವನು ಒಂದು ಸಾಮಾನಿನ ಬೆಲೆ ಹೇಳುತ್ತಾನೆ. ನೀವು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತೀರಿ. ಒಳಗಿನಿಂದ ಒಂದು ದನಿ, "ಇದರಲ್ಲೇನಿದೆ ಮಹಾ, ಮನೇಲೇ ಮಾಡ್ಕೋಬಹುದು" ಎನ್ನುತ್ತದೆ. ಆ ದನಿಯ ಮಾತು ಕೇಳಿ ಉದ್ಧಾರವಾದವರನ್ನು ನಾನಂತೂ ಇನ್ನೂ ಕಂಡಿಲ್ಲ. ಅದರ ಮಾತು ಕೇಳಿ ಒಮ್ಮೆ ಮನೆಯಲ್ಲೇ ಟೊಮೆಟೊ ಸಾಸ್ ಮಾಡಿದ್ದೆ. ಮೇ ತಿಂಗಳ ದೆಹಲಿ ಸೆಕೆಗೆ ಅದು ಹುಳಿ ಬಂದು, ಬಾಟಲಿಯ ಮುಚ್ಚಳ ಹಾರಿ, ನಮ್ಮ ಅಡುಗೆಮನೆಯ ಸೂರು ಇವತ್ತಿಗೂ ಕೆಂಪಗಿದೆ. ಇನ್ನೊಮ್ಮೆ ಮಗಳ ಕೂದಲನ್ನು ಮನೆಯಲ್ಲೇ ಕತ್ತರಿಸಿದೆ. ಆ ವರ್ಷದ ಶಾಲೆಯ ಗ್ರೂಪ್ ಫೋಟೋ ನಮ್ಮ ಗೋಡೆಯ ಮೇಲಿಲ್ಲ. ಇಷ್ಟೆಲ್ಲ ಆದ ಮೇಲಾದರೂ ಬುದ್ಧಿ ಬಂದಿದೆಯೇ ಅಂದರೆ, ಎಲ್ಲಿಂದ ಬರಬೇಕು. ಹೋದ ತಿಂಗಳು ಆ ದನಿ ಮತ್ತೆ ಮಾತಾಡಿತು. ಈ ಸಲ ಕರೋಲ್ ಬಾಗಿನಲ್ಲಿ, ಮೋಟಾರ್‌ಸೈಕಲ್ ಸಾಮಾನು ಮಾರುವ ಅಂಗಡಿಯೊಂದರ ಮುಂದೆ.

ಮೋಟಾರ್‌ಸೈಕಲ್ ಅಂದಕೂಡಲೇ ಗಂಡನದ್ದು ಅಂದುಕೊಂಡಿರಿ ತಾನೆ? ಕೊಂಡಿದ್ದು ಗಂಡನೇ. ನಮ್ಮವರು ಪ್ರಭಾಕರ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಗಂಡಸರಿಗೆ ಒಂದು ವಯಸ್ಸು ದಾಟಿದ ಮೇಲೆ ಏನೋ ಒಂದು ಹತ್ತಿಕೊಳ್ಳುತ್ತದೆ. ಕೆಲವರಿಗೆ ವೇದಾಂತ, ಕೆಲವರಿಗೆ ಕೂದಲಿನ ಬಣ್ಣ. ಇವರಿಗೆ ದಡದಡ ಸದ್ದು ಮಾಡುವ ದೊಡ್ಡ ಗಾಡಿ. ತಂದ ಹೊಸದರಲ್ಲೇ ರೋಹಿಣಿ ಕಡೆ ಹೋಗುವಾಗ ಹಿಂದಿನಿಂದ ಟ್ರಕ್ಕೊಂದು ಹಾರ್ನ್ ಹೊಡೆಯಿತಂತೆ. ಇವರು ಗಾಡಿಯನ್ನು ಮಗುವನ್ನು ಮಲಗಿಸುವ ಹಾಗೆ ರಸ್ತೆ ಪಕ್ಕಕ್ಕೆ ಮಲಗಿಸಿ, ಮನೆಗೆ ಬಂದು ಕೀಲಿಯನ್ನು ನನ್ನ ಕೈಗಿಟ್ಟರು. "ನೀನೇ ಓಡ್ಸು ಶೈಲಾ, ನಿಂಗೆ ಮೊದಲಿಂದಾನೂ ಅಭ್ಯಾಸ" ಅಂದರು. ಅದು ಸುಳ್ಳಲ್ಲ. ತಿಪಟೂರಿನಲ್ಲಿ ನಮ್ಮಣ್ಣ ಮಧ್ಯಾಹ್ನದ ಊಟ ಮಾಡಿ ಮಲಗಿದಾಗಲೆಲ್ಲ ಅವನ ಬೈಕು ಓಡಿಸಿಯೇ ನಾನು ಕಲಿತದ್ದು. ಅವನಿಗೆ ಪೆಟ್ರೋಲ್ ಎಲ್ಲಿ ಸೋರುತ್ತಿದೆ ಎಂದು ನನ್ನ ಮದುವೆಯಾಗುವವರೆಗೂ ಗೊತ್ತಾಗಲಿಲ್ಲ. ಹೀಗಾಗಿ ಅಂದಿನಿಂದ ನಾನು ಮುಂದೆ, ನಮ್ಮವರು ಹಿಂದೆ. ನಮ್ಮ ಪೀತಮ್‌ಪುರದ ಸೊಸೈಟಿಯ ಗಂಡಸರು ಮೊದಮೊದಲು ಗೇಟಿನ ಹತ್ತಿರ ನಿಂತು ನಗುತ್ತಿದ್ದರು. ನಮ್ಮವರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಆಸಾಮಿಯಲ್ಲ. ಹಿಂದಿನ ಸೀಟಿನಿಂದಲೇ ಕೈ ಬೀಸಿ, "ಆಪ್ ಲೋಗ್ ಖುದ್ ಚಲಾತೇ ಹೋ? ಬೇಚಾರೆ" ಅಂದರು. ಅಯ್ಯೋ ಪಾಪ, ನೀವೇ ಓಡಿಸ್ಕೋಬೇಕಾ ಅಂತ. ಅಲ್ಲಿಗೆ ನಗು ನಿಂತಿತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ದೆಹಲಿಗೆ ಬಂದು ಇಷ್ಟು ವರ್ಷವಾಯಿತು, ನಾವಿಬ್ಬರೇ ಎಂದು ಒಂದು ಊರಿಗೂ ಹೋಗಿದ್ದಿಲ್ಲ. ರಜೆ ಸಿಕ್ಕರೆ ರೈಲು ಹತ್ತಿ ಕರ್ನಾಟಕ. ಅಲ್ಲಿ ಯಾರದ್ದೋ ಮದುವೆ, ಯಾರದ್ದೋ ಗೃಹಪ್ರವೇಶ, ಇನ್ಯಾರದ್ದೋ ಮಗುವಿಗೆ ನಾಮಕರಣ. ಚಿಕ್ಕ ರಜೆಯಾದರೆ ಗುರುಗ್ರಾಮದ ನಮ್ಮ ಭಾವನ ಸಂಸಾರದ ಜೊತೆ. ಭಾವ ಅಂದರೆ ನಮ್ಮವರ ಸ್ವಂತ ಅಣ್ಣ. ತುಂಬ ಒಳ್ಳೆಯವರು, ಕೆಟ್ಟದ್ದು ಹೇಳಿದರೆ ನಾಲಿಗೆ ಸೇದಿಹೋಗುತ್ತದೆ. ಆದರೆ ಪ್ರವಾಸ ಅಂದರೆ ಅವರಿಗೆ ಪಟಾಲಮ್ಮು ಕರೆದೊಯ್ದ ಹಾಗೆ. ಕೊರಳಲ್ಲಿ ನಿಜವಾಗಿಯೂ ಒಂದು ಸೀಟಿ ಇರುತ್ತದೆ. ಎಲ್ಲರೂ ಒಟ್ಟಿಗೆ ಇಳಿಯಬೇಕು, ಒಟ್ಟಿಗೆ ಟೀ ಕುಡಿಯಬೇಕು, ಒಟ್ಟಿಗೆ ಬಾತ್‌ರೂಮಿಗೆ ಹೋಗಬೇಕು. ಒಬ್ಬರಿಗೆ ಬರದಿದ್ದರೂ ಹೋಗಿ ಬರಬೇಕು, ಮುಂದೆ ನಿಲ್ಲಿಸುವುದಿಲ್ಲ. ನೈನಿತಾಲಿನ ಸರೋವರದ ಮುಂದೆ ನಾನು ನಿಂತಿದ್ದೇನೆ, ಫೋಟೋ ಇದೆ. ಆದರೆ ಸರೋವರ ನೋಡಿದ ನೆನಪಿಲ್ಲ. ನಾನಾಗ ಚಪಾತಿಗೆ ಪಲ್ಯ ಸುತ್ತಿಕೊಡುತ್ತಿದ್ದೆ.

ಈ ಸಲ ಶುಕ್ರವಾರದಿಂದ ನಾಲ್ಕು ದಿನ ರಜೆ ಒಟ್ಟಿಗೆ ಬಿದ್ದಿತ್ತು. ಭಾವ ಆಗಲೇ ಹರಿದ್ವಾರಕ್ಕೆ ಟೆಂಪೋ ಟ್ರಾವೆಲರ್ ಮಾತಾಡಿದ್ದರು. "ನಿಮಗೆ ಎರಡು ಸೀಟು ಇಟ್ಟಿದೀನಿ ಕಣೋ. ಮುಂದಿನ ಭಾನುವಾರ ಸಂಜೆಯೊಳಗೆ ಪಕ್ಕಾ ಹೇಳು, ಇಲ್ಲಾಂದ್ರೆ ಬೇರೆಯವರು ಕಾಯ್ತಿದಾರೆ" ಅಂತ ಫೋನು. ಮಗಳು ನಿಧಿಗೆ ಕಾಲೇಜಿನ ಪರೀಕ್ಷೆ, ಅವಳು ಎಲ್ಲಿಗೂ ಬರುವುದಿಲ್ಲ. ನನಗೆ ಥಟ್ಟನೆ ಹೊಳೆಯಿತು: ಮಗಳಿಲ್ಲ, ಊರಲ್ಲಿ ಮದುವೆಯಿಲ್ಲ, ಗಾಡಿ ಇದೆ. ಈ ಸಲ ಬಿಟ್ಟರೆ ಇನ್ನು ನಾವಿಬ್ಬರೇ ಹೋಗುವುದು ಮುದುಕರಾದ ಮೇಲೆ ಯಾತ್ರಾ ಸ್ಪೆಷಲ್‌ನಲ್ಲೇ. ರಾತ್ರಿ ಊಟಕ್ಕೆ ಕೂತಾಗ ನೇರವಾಗಿ ಹೇಳಿದೆ, "ರೀ, ನಾವಿಬ್ರೇ ಗಾಡೀಲಿ ಲ್ಯಾನ್ಸ್‌ಡೌನಿಗೆ ಹೋಗೋಣ. ಸಣ್ಣ ಬೆಟ್ಟದ ಊರು, ಸೀಟಿ ಹೊಡೆಯೋರು ಯಾರೂ ಇರಲ್ಲ."

ನಮ್ಮವರು ಸಾರಿಗೆ ಅನ್ನ ಕಲೆಸುತ್ತ, "ಲಗೇಜ್ ಎಲ್ಲಿಡ್ತೀಯಾ?" ಅಂದರು.

ಯಾವಾಗ ಕೇಳಿದರೂ ಇದೇ ಪ್ರಶ್ನೆ. ಅದರಲ್ಲಿ ನ್ಯಾಯವಿಲ್ಲ ಅಂತಲೂ ಹೇಳಲಾರೆ. ಒಮ್ಮೆ ಬೆಳಗ್ಗೆ ಹೋಗಿ ಸಂಜೆ ಬರುವ ದಾರಿಗೇ ಇವರು ಬೆನ್ನಿಗೆ ಚೀಲ ಹಾಕಿಕೊಂಡು ಕೂತು, ಆಮೇಲೆ ಒಂದು ವಾರ ಮನೆಯೆಲ್ಲ ನೋವಿನ ಮುಲಾಮಿನ ವಾಸನೆ. "ಲಗೇಜಿಗೆ ಜಾಗ ಮಾಡಿದ್ರೆ ಬರ್ತೀರಾ?" ಎಂದು ಕೇಳಿದೆ. "ನೋಡೋಣ" ಅಂದರು. ಸರ್ಕಾರಿ ನೌಕರರ 'ನೋಡೋಣ' ಎಂಥದ್ದು ಅಂತ ಅವರನ್ನು ಕಟ್ಟಿಕೊಂಡವರಿಗೇ ಗೊತ್ತು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಫೈಲು ಮೇಜಿನ ಮೇಲಿದೆ ಎಂದು ಅರ್ಥ, ಅಷ್ಟೆ. ಪಕ್ಕದಲ್ಲಿ ಫೋನು ನೋಡುತ್ತ ಉಣ್ಣುತ್ತಿದ್ದ ನಿಧಿ ತಲೆಯೆತ್ತದೆ ಹೇಳಿದಳು, "ಮಮ್ಮಾ, ಸ್ಯಾಡಲ್‌ಬ್ಯಾಗ್ ಲಗವಾ ಲೋ ನಾ. ಸೀಟಿನ ಎರಡೂ ಸೈಡ್ ಹ್ಯಾಂಗ್ ಮಾಡ್ತಾರಲ್ಲ, ವೋ. ಪಪ್ಪಾ ಕೀ ಪೀಠ್ ಸೇಫ್." ಪಪ್ಪನ ಬೆನ್ನು ಉಳಿಯುತ್ತದೆ ಎಂದಾಗ ನಮ್ಮವರ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಅದು ಉಪ್ಪು ಕಡಿಮೆಯಾದದ್ದಕ್ಕೆ ಎಂದುಕೊಂಡು ನಾನು ಉಪ್ಪಿನ ಡಬ್ಬಿ ಮುಂದೆ ತಳ್ಳಿದೆ.

ಹಾಗೆ ಭಾನುವಾರ ಕರೋಲ್ ಬಾಗ್. ಬ್ಯಾಗುಗಳು ಸಿಕ್ಕವು. ಕಪ್ಪು ಬಣ್ಣ, ದಪ್ಪ ಬಟ್ಟೆ, ಅಗ್ಗದ ಮಾಲು, ಯಾವ ಕಂಪನಿಯದ್ದೂ ಅಲ್ಲ. ನಾನು ಓಖ್ಲಾದ ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಾರ್ಖಾನೆಯಲ್ಲಿ ಪ್ಯಾಟರ್ನ್ ಕತ್ತರಿಸುವವಳು. ಯಾವ ಬಟ್ಟೆ ಹೊಲಿಯುವುದಕ್ಕೂ ಮೊದಲು ಅದರ ಕೈ, ಕಾಲರು, ಬೆನ್ನು ಎಲ್ಲವನ್ನೂ ಕಾಗದದಲ್ಲಿ ಅಳತೆಗೆ ಕತ್ತರಿಸಿಕೊಡುವುದು ನನ್ನ ಕೆಲಸ. ಇಂಥವಳ ಕೈಗೆ ಬ್ಯಾಗು ಕೊಟ್ಟರೆ ಸುಮ್ಮನಿರುತ್ತೇನೆಯೇ? ಒಳಗೆ ಹೊರಗೆ ಮಾಡಿ ಹೊಲಿಗೆ ಎಣಿಸತೊಡಗಿದೆ. ಅಂಗಡಿಯವನು ಸ್ವಲ್ಪ ಹೊತ್ತು ನೋಡಿ, "ಮೇಡಂ, ಶಾದಿ ಕಾ ಜೋಡಾ ನಹೀಂ ಹೈ" ಅಂದ. ಮದುವೆ ಸೀರೆಯಲ್ಲ, ಬೇಗ ಬಿಡಿ ಎಂದು. ಆಮೇಲೆ ಕೌಂಟರಿನ ಕೆಳಗಿನಿಂದ ಎರಡು ಕಬ್ಬಿಣದ ಚೌಕಟ್ಟು ತೆಗೆದಿಟ್ಟ. ಬ್ಯಾಗು ಹಾಗೇ ಇಳಿಬಿಟ್ಟರೆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಸೈಲೆನ್ಸರಿಗೆ ತಾಗಿ ಸುಡುತ್ತದೆ. ಅದನ್ನು ದೂರ ಹಿಡಿಯಲು ಗಾಡಿಗೆ ಬೋಲ್ಟು ಹಾಕಿ ಕೂರಿಸುವ ಈ ಚೌಕಟ್ಟು ಬೇಕೇ ಬೇಕು. ಇದಕ್ಕೆ ಅವರು 'ಸ್ಟೇ' ಅನ್ನುತ್ತಾರೆ. ಬೆಲೆ ಕೇಳಿದೆ. ಬ್ಯಾಗಿಗಿಂತ ಬ್ಯಾಗು ನೇತುಹಾಕುವ ಕಬ್ಬಿಣಕ್ಕೇ ಹೆಚ್ಚು. ಅಂಗಿಗಿಂತ ಹ್ಯಾಂಗರು ದುಬಾರಿ ಅಂದ ಹಾಗೆ. ಆಗಲೇ ಆ ದನಿ ಮಾತಾಡಿದ್ದು. "ಸ್ಟೇ ನಾವೇ ಮಾಡ್ಕೋತೀವಿ, ಬ್ಯಾಗ್ ಅಷ್ಟೇ ಕೊಡಿ" ಎಂದು ಹಿಂದಿಯಲ್ಲಿ ಹೇಳಿದೆ. ಆತ ಬ್ಯಾಗನ್ನು ಪೇಪರಿನಲ್ಲಿ ಸುತ್ತುತ್ತ ನನ್ನನ್ನು ನೋಡಿದ ನೋಟವಿದೆಯಲ್ಲ, ಸ್ಕ್ಯಾನಿಂಗ್ ವರದಿ ನೋಡಿದ ಡಾಕ್ಟರು ಹಾಗೆ ನೋಡುತ್ತಾರೆ.

ಕಬ್ಬಿಣ ಮನೆಯಲ್ಲೇ ಇತ್ತು. ದೆಹಲಿಯಲ್ಲಿ ಸಂಸಾರ ಮಾಡಿದವರ ಬಾಲ್ಕನಿಯಲ್ಲಿ ಒಂದು ಹಳೇ ಕೂಲರ್ ಸ್ಟ್ಯಾಂಡ್ ಇದ್ದೇ ಇರುತ್ತದೆ. ಕೂಲರ್ ಗುಜರಿಗೆ ಹೋಗಿ, ಎಸಿ ಬಂದು ಎಷ್ಟೋ ಕಾಲವಾದರೂ ಸ್ಟ್ಯಾಂಡು ಹೋಗುವುದಿಲ್ಲ. ಅದರ ಮೇಲೆ ಏನಾದರೂ ಕೂರಿಸುತ್ತೇವೆ. ನಮ್ಮದರ ಮೇಲೆ ತುಳಸಿ ಕುಂಡ ಇತ್ತು. ತುಳಸಿಯನ್ನು ಎತ್ತಿ ವಾಷಿಂಗ್ ಮೆಷಿನ್ ಮೇಲಿಟ್ಟೆ. ಮೆಷಿನ್ನು ಬಟ್ಟೆ ಹಿಂಡಲು ಶುರುಮಾಡಿದಾಗ, ನಾವು ತುಳಸಿಗೆ ಹಾಕಬೇಕಾದ ಪ್ರದಕ್ಷಿಣೆಯನ್ನು ತುಳಸಿಯೇ ಹಾಕತೊಡಗಿತು. ನಮ್ಮವರು ಒಂದು ಬೆಳಗ್ಗೆ ನೀರು ಹಾಕಲು ಬಂದು, ತಿರುಗುತ್ತಿದ್ದ ಕುಂಡದ ಹಿಂದೆ ಚೊಂಬು ಹಿಡಿದು ತಾವೂ ಓಲಾಡಿ, ನೀರು ಹಾಕದೆಯೇ ವಾಪಸು ಹೋದರು.

ವಾರವಿಡೀ ಕಾರ್ಖಾನೆಯಿಂದ ಮೆಟ್ರೋದಲ್ಲಿ ಬಂದು ಚಪ್ಪಲಿ ಬಿಟ್ಟವಳೇ ನೇರ ಕೆಳಗೆ, ಪಾರ್ಕಿಂಗಿಗೆ. ಕಾಕಿ ಕಾಗದ, ಟೈಲರ್ ಟೇಪು, ಸೀಮೆಸುಣ್ಣ, ದೊಡ್ಡ ಕತ್ತರಿ. ಗಾಡಿಯ ಪಕ್ಕೆಗೆ ಕಾಗದ ಒತ್ತಿ, ಇಂಡಿಕೇಟರಿಗೆ ಜಾಗ ಬಿಟ್ಟು, ಸೈಲೆನ್ಸರ್ ತಪ್ಪಿಸಿ, ಒಂದೊಂದು ತುಂಡಿಗೂ ಒಂದೊಂದು ಪ್ಯಾಟರ್ನ್ ಕತ್ತರಿಸಿದೆ. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ, ಗಾಡಿಯಿಂದ ಬ್ಯಾಗನ್ನು ದೂರ ಹಿಡಿಯುವ ಅಡ್ಡ ತುಂಡುಗಳು. ಎಡಕ್ಕೆ 'ಎಡ', ಬಲಕ್ಕೆ 'ಬಲ' ಅಂತ ಬರೆದೆ. ಕಾರ್ಖಾನೆಯಲ್ಲಿ ಇಷ್ಟು ಮುತುವರ್ಜಿ ತೋರಿಸಿದ್ದರೆ ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದೆ. ಆಮೇಲೆ ಗರಗಸ ತಂದು ಬಾಲ್ಕನಿಯಲ್ಲಿ ಕೂಲರ್ ಸ್ಟ್ಯಾಂಡ್ ಕೊಯ್ಯಲು ಕೂತೆ. ನಮ್ಮವರು ಕುರ್ಚಿ ಹಾಕಿಕೊಂಡು, ಕಬ್ಬಿಣ ಅಲ್ಲಾಡದಂತೆ ಅದರ ಮೇಲೆ ಒಂದು ಕಾಲಿಟ್ಟು ಪೇಪರ್ ಓದುತ್ತಿದ್ದರು. ಅದೇ ಅವರ ಸಹಾಯ. ನಡುವೆ ನಡುವೆ ಭಾವನ ಫೋನು. "ಏನಮ್ಮಾ ಶೈಲಾ, ಬರ್ತಿದೀರಲ್ಲಾ? ನಿಂಗೆ ಅಂತ ಕಿಟಕಿ ಸೀಟು ಹಿಡಿದಿಟ್ಟಿದೀನಿ. ಅದೇನು ಕರಕರ ಸದ್ದು?" "ಮಿಕ್ಸಿ ಭಾವ" ಅಂದೆ. "ಏನಮ್ಮಾ ರುಬ್ತಿದೀಯಾ, ಕಲ್ಲಾ?" ಅಂದರು.

ಭಾನುವಾರ ಬೆಳಗ್ಗೆ ಕಬ್ಬಿಣದ ತುಂಡುಗಳನ್ನೂ ಪ್ಯಾಟರ್ನುಗಳನ್ನೂ ಕಟ್ಟಿಕೊಂಡು ಶಕೂರ್‌ಪುರದ ಇಲಿಯಾಸ್ ಭಾಯ್ ಅಂಗಡಿಗೆ ಹೋದೆ. ಅವರು ಕಿಟಕಿ ಗ್ರಿಲ್ಲು ಮಾಡುವವರು. ಕಾಗದದ ತುಂಡುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, "ಯೇ ಕಿಸ್‌ಕೀ ಕಮೀಜ್ ಹೈ ಮೇಡಂ?" ಎಂದು ಕೇಳಿದರು. ಯಾರ ಅಂಗಿ ಇದು ಅಂತ. ಗಾಡಿಯದ್ದು ಎಂದೆ. ಕಾಗದ ಹೇಗಿದೆಯೋ ಕೂದಲೆಳೆ ವ್ಯತ್ಯಾಸವಿಲ್ಲದೆ ಹಾಗೇ ಮಾಡಿಕೊಡಬೇಕು, ತಮ್ಮ ತಲೆ ಓಡಿಸಬಾರದು ಎಂದು ಮೂರು ಸಲ ಹೇಳಿದೆ. ಆ ಮನುಷ್ಯ ಅಕ್ಷರಶಃ ಹಾಗೇ ಮಾಡಿದರು. ಕಣ್ಣಿಗೆ ಕನ್ನಡಕ, ಕಿಡಿಗಳ ಮಳೆ, ಕೊನೆಗೆ ಕಪ್ಪು ಬಣ್ಣ. ಬೋಲ್ಟು ಬಿಗಿದು, ಬ್ಯಾಗು ನೇತುಹಾಕಿ, ಇಬ್ಬರೂ ಹಿಂದೆ ಸರಿದು ನಿಂತು ನೋಡಿದೆವು.

ಬ್ಯಾಗುಗಳು ಗಾಡಿಯ ಪಕ್ಕದಲ್ಲಿರಲಿಲ್ಲ. ಗಾಡಿಯ ಅಕ್ಕಪಕ್ಕದ ಮನೆಯಲ್ಲಿದ್ದವು. ಗಾಡಿಗೂ ಬ್ಯಾಗಿಗೂ ನಡುವೆ ನನ್ನ ಅಂಗೈ ಅಡ್ಡಡ್ಡ ಹೋಗುವಷ್ಟು ಜಾಗ, ಎರಡೂ ಕಡೆ. ಹಿಂದಿನಿಂದ ನೋಡಿದರೆ ತುಂಬು ಬಸುರಿ ಎಮ್ಮೆ. ಇಲಿಯಾಸ್ ಭಾಯ್ ಗಡ್ಡ ಸವರಿಕೊಂಡು, "ಅಚ್ಛಾ, ದೂಧ್ ಕಾ ಕಾಮ್ ಹೈ? ಪೆಹಲೇ ಬತಾನಾ ಥಾ, ಹುಕ್ ಭೀ ಲಗಾ ದೇತಾ" ಅಂದರು. ಹಾಲಿನ ವ್ಯಾಪಾರ ಅಂತ ಮೊದಲೇ ಹೇಳಿದ್ದರೆ ಕೊಕ್ಕೆಯನ್ನೂ ಹಾಕಿಕೊಡುತ್ತಿದ್ದೆ ಎಂದು. ಇಲ್ಲಿನ ಹಾಲಿನವರನ್ನು ನೋಡಿದವರಿಗೆ ಅರ್ಥವಾಗುತ್ತದೆ: ಬೈಕಿನ ಎರಡೂ ಪಕ್ಕ ಕಬ್ಬಿಣದ ಚೌಕಟ್ಟು, ಅದಕ್ಕೆ ದೊಡ್ಡ ದೊಡ್ಡ ಕ್ಯಾನು, ಬೆಳಗಾದರೆ ಇಡೀ ರಸ್ತೆ ಅವರದೇ. ನನ್ನ ಗಾಡಿ ಅವುಗಳ ತಂಗಿಯ ಹಾಗೆ ನಿಂತಿತ್ತು.

ಎಲ್ಲಿ ತಪ್ಪಿತು ಎಂದು ಪ್ಯಾಟರ್ನುಗಳನ್ನು ನೆಲದ ಮೇಲೆ ಹರವಿಕೊಂಡು ಕೂತೆ. ಟೇಪು ಸರಿ ಇತ್ತು, ಕೂಡಿದ್ದು ಸರಿ ಇತ್ತು. ಆಮೇಲೆ ಕಣ್ಣಿಗೆ ಬಿತ್ತು. ಪ್ರತಿಯೊಂದು ತುಂಡಿನ ಸುತ್ತ, ಅಳತೆಯ ಗೆರೆಯ ಆಚೆ, ಅಚ್ಚುಕಟ್ಟಾಗಿ ಇನ್ನೊಂದು ಗೆರೆ. ಮಾರ್ಜಿನ್. ಹೊಲಿಗೆಗೆಂದು ಬಿಡುವ ಬಟ್ಟೆ. ಎರಡು ತುಂಡು ಸೇರಿಸಿ ಹೊಲಿದರೆ ಅಂಚು ಒಳಗೆ ಹೋಗುತ್ತದಲ್ಲ, ಅದಕ್ಕೆ ಬಿಡುವ ಜಾಗ. ಇಪ್ಪತ್ತು ಚಿಲ್ಲರೆ ವರ್ಷದಿಂದ ಬಿಟ್ಟು ಬಿಟ್ಟು ಕೈಗೆ ಅಭ್ಯಾಸವಾಗಿಹೋಗಿದೆ. ತಲೆಯನ್ನು ಕೇಳದೆ ಕೈಯೇ ಬಿಟ್ಟುಬಿಟ್ಟಿತ್ತು. ಬಟ್ಟೆಯಾದರೆ ಮಡಿಕೆಯೊಳಗೆ ಹೋಗುತ್ತಿತ್ತು. ಕಬ್ಬಿಣ ಎಲ್ಲಿ ಮಡಿಚಿಕೊಳ್ಳುತ್ತದೆ? ತುಂಡಿನ ತುದಿ ತುದಿಗೂ ಬಿಟ್ಟ ಮಾರ್ಜಿನ್ನು ಸಾಲಾಗಿ ಕೂಡಿಕೊಂಡು ಒಂದು ಅಂಗೈ ಅಗಲವಾಗಿತ್ತು. ಎಂಜಿನಿಯರನ ತಪ್ಪಲ್ಲ ಇದು, ವೆಲ್ಡರನ ತಪ್ಪೂ ಅಲ್ಲ. ಲೋಕದಲ್ಲಿ ಒಬ್ಬ ದರ್ಜಿ ಮಾತ್ರ ಮಾಡಬಹುದಾದ ತಪ್ಪು.

"ಕತ್ತರಿಸಿ ಮತ್ತೆ ಬೆಸುಗೆ ಹಾಕಿಕೊಡಿ" ಎಂದೆ. ಇಲಿಯಾಸ್ ಭಾಯ್ ಆಗಲೇ ಶಟರ್ ಅರ್ಧ ಎಳೆದಿದ್ದರು. ಮುರಾದಾಬಾದಿನಲ್ಲಿ ತಂಗಿಯ ಮಗಳ ಮದುವೆ, ಮಧ್ಯಾಹ್ನದ ಬಸ್ಸು. ಬುಧವಾರ ಬನ್ನಿ ಅಂದರು. ನಮ್ಮ ಭಾವನ ಗಡುವು ಆ ದಿನ ಸಂಜೆ. ಬುಧವಾರ ನನ್ನ ಸ್ಟೇ ಸರಿಯಾಗುವ ಹೊತ್ತಿಗೆ ನಮ್ಮ ಹೆಸರು ಟೆಂಪೋ ಟ್ರಾವೆಲರಿನ ಕಿಟಕಿಗೆ ಅಂಟಿಸಿ ಆಗಿರುತ್ತಿತ್ತು.

ಎಮ್ಮೆಯನ್ನು ಹೊಡೆದುಕೊಂಡು ಮನೆಗೆ ಬಂದೆ. ಗೇಟಿನಲ್ಲಿ ಗಾರ್ಡು ಎದ್ದು ನಿಂತು, "ದೂಧ್‌ವಾಲೇ ಪೀಛೇ ವಾಲೇ ಗೇಟ್ ಸೇ..." ಎಂದು ಶುರುಮಾಡಿ, ಹೆಲ್ಮೆಟ್ಟಿನ ಗಾಜು ಎತ್ತಿದಾಗ, "ಅರೇ ಮೇಡಂ, ಆಪ್" ಎಂದು ನಾಲಿಗೆ ಕಚ್ಚಿಕೊಂಡ. ಹಾಲಿನವರು ಹಿಂದಿನ ಗೇಟಿನಿಂದ ಬರಬೇಕು ಎಂಬುದು ನಮ್ಮ ಸೊಸೈಟಿಯ ಕಾನೂನು. ನಮ್ಮವರು ಮೇಲಿನಿಂದ ನೋಡಿದ್ದರೆಂದು ಕಾಣುತ್ತದೆ, ನಾನು ಸ್ಟ್ಯಾಂಡ್ ಹಾಕುವಷ್ಟರಲ್ಲಿ ಕೆಳಗೆ ಬಂದಿದ್ದರು. ಕೈ ಬೆನ್ನಿಗೆ ಕಟ್ಟಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ನೋಡಿದರು.

"ಹೇಗಿದೆ?" ಎಂದೆ, ಧೈರ್ಯ ತಂದುಕೊಂಡು.

"ಚೆನ್ನಾಗಿದೆ. ಸ್ವಲ್ಪ ದೊಗಳೆ."

"ಡಿಸೈನೇ ಹಾಗೆ. ಗಾಳಿ ಆಡ್ಲಿ ಅಂತ."

"ಶೈಲಾ, ಮಾರ್ಜಿನ್ ಬಿಟ್ಟಿದೀಯಾ."

ಹೌದೆಂದು ತಲೆಯಾಡಿಸಿದೆ. ಇಷ್ಟು ವರ್ಷ ಜೊತೆಗಿದ್ದವರ ಹತ್ತಿರ ಏನನ್ನು ಮುಚ್ಚಿಡುವುದು.

"ಒಳಗೆ ಬಟ್ಟೆ ಬಿಡಿ, ಮಗು ಬೆಳಿಯತ್ತೆ ಅಂತಾರಲ್ಲ, ಹಾಗಾ?" ಎಂದು ಬ್ಯಾಗಿನ ಮೇಲೆ ಮೆಲ್ಲಗೆ ತಟ್ಟಿದರು. "ಬಿಡು, ಮುಂದಿನ ವರ್ಷಕ್ಕೆ ಸರಿಹೋಗತ್ತೆ."

ನನಗೆ ಅಳುವೋ ನಗುವೋ ತಿಳಿಯಲಿಲ್ಲ. "ಆಯ್ತು ರೀ, ಅಣ್ಣಂಗೆ ಫೋನ್ ಮಾಡಿ, ಬರ್ತೀವಿ ಅನ್ನಿ. ಕಿಟಕಿ ಸೀಟಿದೆಯಂತೆ" ಎಂದೆ. ಆದರೆ ನಮ್ಮವರು ಫೋನು ತೆಗೆಯಲಿಲ್ಲ. "ಮಾಡಿದ್ದು ಮಾಡಿದೀಯಾ, ಒಂದು ರೌಂಡ್ ಹೊಡ್ಸು. ಭಾರ ಹಾಕಿ ನೋಡೋಣ. ಬೀಳದೆ ವಾಪಸ್ ಬಂದ್ರೆ ಆಗ ಮಾತು" ಅಂದರು. ಮೇಲೆ ಹೋಗಿ ಒಂದು ಬ್ಯಾಗಿಗೆ ಗೋಧಿ ಹಿಟ್ಟಿನ ಚೀಲ, ಇನ್ನೊಂದಕ್ಕೆ ಅಕ್ಕಿ ಮತ್ತು ತೊಗರಿಬೇಳೆ ತುಂಬಿಸಿಕೊಂಡು ಬಂದರು. ನಿಧಿ ಬಾಲ್ಕನಿಯಿಂದ ಬಗ್ಗಿ, "ಪಪ್ಪಾ, ಶಿಫ್ಟ್ ಆಗ್ತಿದೀರಾ?" ಎಂದು ಕೂಗಿದಳು.

ಇಲ್ಲಿ ಒಂದು ವಿಚಾರ ಹೇಳಬೇಕು. ವಾರವಿಡೀ ಅಳೆದೆನಲ್ಲ, ಇಂಡಿಕೇಟರ್ ಅಳೆದೆ, ಸೈಲೆನ್ಸರ್ ಅಳೆದೆ, ನಂಬರ್ ಪ್ಲೇಟ್ ಮುಚ್ಚಬಾರದೆಂದು ಅದನ್ನೂ ಅಳೆದೆ. ಹಿಂದೆ ಒಬ್ಬ ಮನುಷ್ಯ ಕೂರುತ್ತಾನೆ, ಅವನಿಗೆ ಎರಡು ಕಾಲಿರುತ್ತವೆ ಎಂಬುದು ಮಾತ್ರ ನನ್ನ ತಲೆಗೆ ಬಂದಿರಲಿಲ್ಲ. ನಮ್ಮವರದ್ದು ಸಣ್ಣ ಪಾದವೂ ಅಲ್ಲ, ಅವರ ಅಳತೆಯ ಚಪ್ಪಲಿ ಸಿಗಬೇಕಾದರೆ ಇಡೀ ಮಾರ್ಕೆಟ್ ಸುತ್ತಬೇಕು. ಅವರು ಕಾಲೆತ್ತಿ ಕೂರುವಾಗ ನನ್ನ ಜೀವ ಝಲ್ಲೆಂದಿತು, ಬ್ಯಾಗಿನ ಮುಂದಿನ ಮೂಲೆ ಸರಿಯಾಗಿ ಅವರ ಮೀನಖಂಡದ ಜಾಗದಲ್ಲಿತ್ತು. ಸದ್ದಿಲ್ಲ. ತಿರುಗಿ ನೋಡಿದೆ. ನಮ್ಮವರ ಕಾಲು ಗಾಡಿಗೂ ಬ್ಯಾಗಿಗೂ ನಡುವಿನ ಆ ಅಂಗೈ ಅಗಲದ ಸಂದಿಯಲ್ಲಿ, ಬೀರುವಿನ ಡ್ರಾಯರಿನಲ್ಲಿ ಮಡಿಚಿಟ್ಟ ಬಟ್ಟೆಯಷ್ಟು ಸಲೀಸಾಗಿ ಕೂತಿತ್ತು. ಸರಿಯಾದ ಅಳತೆಗೆ ಮಾಡಿದ್ದರೆ ಅವರು ಕಾಲನ್ನು ಮನೆಯಲ್ಲಿಟ್ಟು ಬರಬೇಕಾಗುತ್ತಿತ್ತು. "ಆರಾಮಾಗಿದೆ ಕಣೇ" ಅಂದರು. "ಗೊತ್ತು, ಅದಕ್ಕೇ ಬಿಟ್ಟಿದ್ದು" ಅಂದೆ. ಹಿಂದಿನಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು.

ಔಟರ್ ರಿಂಗ್ ರೋಡು ಹಿಡಿದು ಮುಖರ್ಜಿ ನಗರದ ಕಡೆ ಹೊರಟೆವು. ಒಂದೊಂದು ಹಂಪ್ ಬಂದಾಗಲೂ ನಾನು ಹಿಂದಕ್ಕೆ ಕಿವಿ ಕೊಡುತ್ತಿದ್ದೆ, ಯಾವುದಾದರೂ ಬೋಲ್ಟು ಬೈ ಬೈ ಹೇಳುತ್ತದೆಯೋ ಎಂದು. ಸಾಲು ಸಾಲು ಕಾರುಗಳ ನಡುವೆ ನುಸುಳುವ ನನ್ನ ಹಳೇ ಚಾಳಿ ಅಂದಿಗೆ ಮುಗಿಯಿತು. ಎಮ್ಮೆಯ ಹಾಗೇ ನಿಧಾನವಾಗಿ, ಘನವಾಗಿ, ನಮ್ಮ ಸಾಲಿನಲ್ಲಿ ನಾವು ಹೋದೆವು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಇ-ರಿಕ್ಷಾದಲ್ಲಿ ಕೂತಿದ್ದ ಹೆಂಗಸು ನಮ್ಮ ಬ್ಯಾಗುಗಳನ್ನು ಕಣ್ಣಳತೆ ಮಾಡಿ, "ಭಯ್ಯಾ, ಭೈಂಸ್ ಕಾ ಹೈ ಯಾ ಗಾಯ್ ಕಾ?" ಎಂದು ಕೇಳಿದಳು. ಎಮ್ಮೆಯದ್ದೋ ಹಸುವಿನದ್ದೋ ಅಂತ. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಭಾರತ ಸರ್ಕಾರದ ಸೆಕ್ಷನ್ ಆಫೀಸರನ್ನು ಹಾಲಿನವನು ಮಾಡಿಬಿಟ್ಟೆನಲ್ಲ, ಇನ್ನು ಇವರು ಗಾಡಿ ಹತ್ತಿದ ಹಾಗೇ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಕಚೇರಿಯ ಗಂಭೀರ ದನಿಯಲ್ಲಿ ಉತ್ತರ ಬಂತು, "ಗಾಯ್ ಕಾ, ಬೆಹೆನ್‌ಜೀ. ಲೇಕಿನ್ ಆಜ್ ಕಾ ಖತಮ್." ಹಸುವಿನದ್ದು ತಾಯೀ, ಆದರೆ ಇವತ್ತಿಂದು ಮುಗೀತು. ಹೆಂಗಸು "ಕಲ್ ಆನಾ", ನಾಳೆ ಬಾ ಎಂದು ಪೀತಮ್‌ಪುರದ ತನ್ನ ಬ್ಲಾಕನ್ನೂ ಹೇಳಿದಳು. ಸಿಗ್ನಲ್ ಹಸಿರಾಯಿತು, ನಾನು ಗೇರು ಹಾಕಲಾರದೆ ನಗುತ್ತಿದ್ದೆ, ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿದಿದ್ದ.

ಮುಖರ್ಜಿ ನಗರದಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಂದ ಕಿಕ್ಕಿರಿದ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಇಳಿದವಳೇ ಬ್ಯಾಗು ಅಲ್ಲಾಡಿಸಿ ನೋಡಿದೆ. ಕಲ್ಲಿನ ಹಾಗೆ ಕೂತಿತ್ತು. ಬೇಳೆ ಕೂಡ ಚೆಲ್ಲಿರಲಿಲ್ಲ. ನಮ್ಮವರು ಎರಡು ಗ್ಲಾಸ್ ಟೀ ತಂದು, ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಬ್ಯಾಗಿನ ಮೇಲಿಟ್ಟು ಅಣ್ಣನಿಗೆ ಫೋನು ಹಚ್ಚಿದರು. ನಾನು ಟೀ ಕುಡಿಯುವುದನ್ನು ಮರೆತು ಕಿವಿಯಾಗಿ ನಿಂತೆ.

"ಅಣ್ಣಾ, ನಾವು ಈ ಸಲ ಬರಲ್ಲ. ಹೂಂ... ಏನ್ ಮಾಡೋದು, ಶೈಲಾ ಗಾಡಿಗೆ ಸ್ಟೇ ಮಾಡ್ಕೊಂಡು ಕೂತ್ಬಿಟ್ಟಿದಾಳೆ. ಕೂಲರ್ ಸ್ಟ್ಯಾಂಡೇ ಕೊಯ್ದುಹಾಕಿದಾಳೆ ಕಣಣ್ಣ. ಈಗ ಬೇಡ ಅಂದ್ರೆ ಬೇಜಾರು ಮಾಡ್ಕೋತಾಳೆ... ಹೂಂ, ಹಟ ಅಂದ್ರೆ ಹಟ... ನಾನು ಹೇಳ್ದೆ, ಕೇಳ್ಬೇಕಲ್ಲ... ಇಲ್ಲಣ್ಣ, ಹುಷಾರಾಗೇ ಹೋಗ್ತೀವಿ... ಅತ್ತಿಗೆಗೆ ಹೇಳಿಬಿಡು."

ಫೋನು ಜೇಬಿಗೆ ಹೋಯಿತು. ಖುಷಿಯಲ್ಲಿ ಕುಣಿಯಬೇಕೋ, ಇಡೀ ಖಾಂದಾನಿನ ಮುಂದೆ ನನ್ನನ್ನು ಹಟಮಾರಿ ಮಾಡಿದ್ದಕ್ಕೆ ಜಗಳ ತೆಗೆಯಬೇಕೋ ತಿಳಿಯದೆ, "ನೀವೇನ್ರೀ, ನನ್ನ ಮೇಲೆ ಹಾಕ್ಬಿಟ್ರಿ" ಎಂದೆ. ಅವರು ಬ್ಯಾಗಿನ ಮೇಲಿನ ಗ್ಲಾಸು ತೆಗೆದುಕೊಂಡು ಒಂದು ಗುಟುಕು ಕುಡಿದರು.

"ಮತ್ತೆ? ಅಣ್ಣನ ಜೊತೆ ಹೋಗಕ್ಕೆ ನಂಗೆ ಇಷ್ಟ ಇಲ್ಲ ಅಂತ ನಾನು ಹೇಳಕ್ಕಾಗತ್ತಾ?"

"ನಿಮಗೆ ಇಷ್ಟ ಇಲ್ವಾ?"

"ಆ ಸೀಟಿ ಕೇಳಿ ಕೇಳಿ ನಂಗೆ ಕನಸಲ್ಲೂ ಎಚ್ಚರ ಆಗತ್ತೆ. ಗಾಡಿ ತಗೊಂಡಿದ್ದೇ ಯಾಕೆ ಅಂದ್ಕೊಂಡೆ? ನಾವಿಬ್ರು ಹೋಗೋಣ ಅಂತ ತಾನೆ."

"ಅಯ್ಯೋ, ಹೇಳೋಕೇನಾಗಿತ್ತು ರೀ? ಇಷ್ಟು ದಿನ ಲಗೇಜು ಲಗೇಜು ಅಂತ ನನ್ನ ತಲೆ ತಿಂದ್ರಲ್ಲ."

"ಮೊದಲೇ ಹೇಳಿದ್ರೆ ಸ್ಟೇ ನಾನು ಮಾಡ್ಬೇಕಾಗ್ತಿತ್ತು" ಅಂದರು ನಮ್ಮವರು, ಟೀಗೆ ಸಕ್ಕರೆ ಸಾಲದು ಎನ್ನುವಷ್ಟು ಸಹಜವಾಗಿ.

ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ ಒಬ್ಬ ಹುಡುಗಿ ಕನ್ನಡದವಳಿರಬೇಕು, ಟೀ ನೆತ್ತಿಗೆ ಹತ್ತಿ ಕೆಮ್ಮತೊಡಗಿದಳು. ಒಂದು ವಾರ ನಾನು ಇವರನ್ನು ಒಲಿಸುತ್ತಿದ್ದೇನೆ, ಉಪಾಯವಾಗಿ ದಾರಿಗೆ ತರುತ್ತಿದ್ದೇನೆ ಎಂದು ಬೀಗಿದ್ದೆ. ಗರಗಸ ಹಿಡಿದು ಬೆವರು ಸುರಿಸುತ್ತಿದ್ದವಳು ನಾನು. ಕಬ್ಬಿಣದ ಮೇಲೆ ಕಾಲಿಟ್ಟು ಪೇಪರ್ ಓದುತ್ತಿದ್ದವರು ಅವರು. ಯಾರು ಯಾರನ್ನು ದಾರಿಗೆ ತಂದರು ಎನ್ನುವುದು ಆ ಚಿತ್ರದಲ್ಲೇ ಇತ್ತು. ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿರಲಿಲ್ಲ ಮನುಷ್ಯ, ಇನ್ನೊಬ್ಬರ ಕೈಯಲ್ಲಿ ಕೆಲಸ ತೆಗೆಯುವುದನ್ನು ಪೂರ್ತಿ ಕಲಿತಿದ್ದಾರೆ.

ಇದನ್ನು ಲ್ಯಾನ್ಸ್‌ಡೌನಿನ ಪೈನ್ ಮರಗಳ ಕೆಳಗೆ ಕೂತು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಇಡೀ ದಾರಿ ಬ್ಯಾಗು ಕಿಮಕ್ ಅನ್ನಲಿಲ್ಲ. ನಮ್ಮವರು ಪಕ್ಕದಲ್ಲಿ ಕಾಲು ಚಾಚಿಕೊಂಡು, ಮುಂದಿನ ಸಲ ಇನ್ನೂ ದೂರ ಹೋಗಬೇಕು, ಆದರೆ ಬೆನ್ನು ಒರಗಿಸಲು ಏನೂ ಇಲ್ಲವಲ್ಲ ಎಂದು ಆಗಲೇ ಎರಡು ಸಲ ಹೇಳಿದ್ದಾರೆ. ಹಾಗೆ ಹೇಳಿ ಸುಮ್ಮನಾಗಿದ್ದಾರೆ. ನನ್ನ ಕಣ್ಣು ತಾನಾಗಿಯೇ ಸೀಟಿನ ಹಿಂಭಾಗವನ್ನು ಅಳೆಯುತ್ತಿದೆ, ಏನು ಮಾಡಲಿ. ನಿಮ್ಮ ಮನೆಯಲ್ಲೂ 'ನೋಡೋಣ' ಎಂಬ ಒಂದೇ ಮಾತಿನಲ್ಲಿ ನಿಮ್ಮ ಕೈಯಲ್ಲಿ ಗರಗಸ ಹಿಡಿಸಿದವರಿದ್ದರೆ ಕೆಳಗೆ ಬರೆಯಿರಿ. ಏನು ಮಾಡಹೋಗಿ ಏನಾಯಿತು, ಕಡೆಗೆ ಅದು ಯಾರ ಉಪಾಯವಾಗಿತ್ತು, ಎಲ್ಲ ಬಿಡಿಸಿ ಬರೆಯಿರಿ. ನಮ್ಮವರೂ ಕೇಳುತ್ತೇನೆ ಅಂದಿದ್ದಾರೆ. ಓದಲು ಕನ್ನಡಕ ತಂದಿಲ್ಲವಂತೆ, ನಾನೇ ಗಟ್ಟಿಯಾಗಿ ಓದಿ ಹೇಳಬೇಕಂತೆ.